ಗೋಲು ಕಾಯುವ ಹುಡುಗ

ನಮ್ಮ ಗಂಜಾಮಿನಲ್ಲಿ ಹುಡುಗನೊಬ್ಬ ವಯಸ್ಸಿಗೆ ಮೀರಿ ಉದ್ದ ಬೆಳೆದನೆಂದರೆ ಅವನ ಪಾಲಿಗೆ ಎರಡು ಕೆಲಸಗಳು ತಾವಾಗಿಯೇ ಬಂದು ಸೇರುತ್ತವೆ. ಹಬ್ಬದ ದಿನ ಬಾಗಿಲಿಗೆ ಮಾವಿನ ತೋರಣ ಕಟ್ಟುವುದು ಒಂದು. ಶಾಲೆಯ ಬಯಲಿನಲ್ಲಿ ಗೋಲು ಕಾಯುವುದು ಇನ್ನೊಂದು. ನಾನು ಎಂಟನೆಯ ತರಗತಿಯಲ್ಲಿಯೇ ಹೀಗೆ ಬೆಳೆದುಬಿಟ್ಟೆನಾದ್ದರಿಂದ ಎರಡನ್ನೂ ಮಾಡಿದ್ದೇನೆ. ತೋರಣದ ವಿಷಯದಲ್ಲಿ ಹೇಳುವಂಥದ್ದೇನೂ ಇಲ್ಲ. ಗೋಲಿನ ವಿಷಯದಲ್ಲಿ ಇದೆ. ಅದಕ್ಕಾಗಿಯೇ ಈ ಲೇಖನ.

ಗೋಲಿಗೆ ಹುಡುಗರನ್ನು ಆರಿಸುವ ಕ್ರಮವನ್ನು ಆಟವಾಡಿದವರೆಲ್ಲರೂ ಬಲ್ಲರು. ಚುರುಕಾಗಿ ಓಡುವವನು ಮುಂದಕ್ಕೆ, ಬಲವಾಗಿ ಹೊಡೆಯುವವನು ಹಿಂದಕ್ಕೆ, ಎರಡೂ ಬಾರದವನು ಗೋಲಿಗೆ. ಅಲ್ಲಿ ನಿಂತವನು ಹತ್ತು ಚೆಂಡು ತಡೆದರೆ ಯಾರಿಗೂ ನೆನಪಿರುವುದಿಲ್ಲ. ಒಂದನ್ನು ಬಿಟ್ಟರೆ ವರ್ಷವಿಡೀ ಅದೇ ಮಾತು. ಇಂಥ ಜಾಗವನ್ನು ಒಬ್ಬ ಹುಡುಗ ತಾನಾಗಿ ಒಪ್ಪಿಕೊಂಡು, ಅಲ್ಲಿಯೇ ಹತ್ತಾರು ವರ್ಷ ನಿಂತು ಹೆಸರು ಮಾಡುತ್ತಾನೆಂದರೆ ಆತನ ಮೊದಲ ದಿನಗಳು ಹೇಗಿದ್ದಿರಬಹುದು ಎಂಬ ಕುತೂಹಲ ನನಗೆ ಬಹಳ ದಿನಗಳಿಂದ ಇತ್ತು. ಆ ಕುತೂಹಲ ನನ್ನನ್ನು ಕೊಂಡೊಯ್ದದ್ದು ಕೇರಳದ ಪರಾಟ್ಟು ರವೀಂದ್ರನ್ ಶ್ರೀಜೇಶರ ಬಳಿಗೆ. ಒಲಿಂಪಿಕ್ಸಿನಲ್ಲಿ ಎರಡು ಕಂಚು ಗೆದ್ದ ಶ್ರೀಜೇಶರನ್ನು ಎಲ್ಲರೂ ಬಲ್ಲರು. ನಾನು ಹೇಳಹೊರಟಿರುವುದು ಪದಕಗಳಿಗೆ ಮೊದಲಿನ ಶ್ರೀಜೇಶರ ಕಥೆಯನ್ನು. ಅವರು ಕೇರಳದವರಾದರೂ ನಮಗೆ ತೀರ ದೂರದವರಲ್ಲ. ಶ್ರೀರಂಗಪಟ್ಟಣದಲ್ಲಿ ಬೆಂಗಳೂರಿನ ಬಸ್ಸು ಹತ್ತಿದವನು ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದ ಮೇಲೆ ಜ್ಞಾನಭಾರತಿಯ ಮುಂದೆ ಹಾದುಹೋಗುತ್ತಾನಷ್ಟೆ. ಅದರ ಆವರಣದಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿಯೇ ಭಾರತದ ಹಾಕಿ ತಂಡದ ಶಿಬಿರಗಳು ನಡೆಯುವುದು. ಶ್ರೀಜೇಶರ ಆಯುಷ್ಯದ ಎಷ್ಟೋ ತಿಂಗಳುಗಳು ಅಲ್ಲಿ ಕಳೆದಿವೆ. 2020ರ ಲಾಕ್‌ಡೌನಿನಲ್ಲಿ ಇಡೀ ತಂಡವೇ ಆ ಆವರಣದೊಳಗೆ ಸಿಕ್ಕಿಕೊಂಡಿತ್ತು.

ಕಥೆಗೆ ಹೋಗುವ ಮುನ್ನ ಆ ಕೆಲಸವೆಂಥದೆಂಬುದನ್ನು ಸ್ವಲ್ಪ ವಿವರಿಸುವುದು ಒಳ್ಳೆಯದು. ನಮ್ಮ ಕಾಲೇಜಿನಲ್ಲಿ ಕ್ರಿಕೆಟ್ ನೋಡುವವರು ನೂರು ಮಂದಿ ಇದ್ದರೆ ಹಾಕಿ ನೋಡುವವರು ಹತ್ತು ಮಂದಿಯೂ ಇಲ್ಲವೆಂದು ನನಗೆ ಗೊತ್ತು.

ಹಾಕಿಯ ಗೋಲು 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ಅದು ಹೆಚ್ಚು ಕಡಿಮೆ ನಮ್ಮ ತರಗತಿಯ ಕರಿಹಲಗೆ ಇರುವ ಗೋಡೆಯ ಅರ್ಧದಷ್ಟು ಜಾಗ. ಚೆಂಡಿನ ತೂಕ 156ರಿಂದ 163 ಗ್ರಾಂ. ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ. ಗೋಲಿನ ಮುಂದೆ 14.63 ಮೀಟರ್ ತ್ರಿಜ್ಯದ ವೃತ್ತವೊಂದಿರುತ್ತದೆ. ದಾಳಿಕಾರರು ಈ ವೃತ್ತದ ಒಳಗಿನಿಂದ ಹೊಡೆದರೆ ಮಾತ್ರ ಗೋಲಿಗೆ ಲೆಕ್ಕ. ಪೆನಾಲ್ಟಿ ಕಾರ್ನರ್ ಎಂಬ ಶಿಕ್ಷೆಯ ಹೊಡೆತದಲ್ಲಿ, ಪಳಗಿದ ಆಟಗಾರನು ಚೆಂಡನ್ನು ಕೋಲಿನಿಂದ ಎಳೆದು ಎಸೆಯುವ ವೇಗ ಗಂಟೆಗೆ ನೂರು ಕಿಲೋಮೀಟರಿಗೂ ಮೀರುತ್ತದೆ. ಲೆಕ್ಕ ಹಾಕಿ ನೋಡಿ: ವೃತ್ತದ ಅಂಚಿನಿಂದ ಗೋಲಿಗೆ ಬಂದು ಸೇರಲು ಆ ಚೆಂಡಿಗೆ ಬೇಕಾದುದು ಸುಮಾರು ಅರ್ಧ ಸೆಕೆಂಡು. ಪೆನಾಲ್ಟಿ ಸ್ಟ್ರೋಕಿನಲ್ಲಂತೂ ಎದುರಾಳಿ ನಿಲ್ಲುವುದು 6.40 ಮೀಟರ್ ದೂರದಲ್ಲಿ. ಅಲ್ಲಿ ಚೆಂಡನ್ನು ನೋಡಿದ ಮೇಲೆ ಹಾರುತ್ತೇನೆಂದರೆ ಆಗುವ ಮಾತಲ್ಲ. ಹೊಡೆಯುವವನ ಭುಜ, ಪಾದ, ಕಣ್ಣು ಇವುಗಳನ್ನು ಓದಿ, ಅವನು ಮನಸ್ಸಿನಲ್ಲಿ ಮಾಡಿಕೊಂಡ ನಿರ್ಧಾರವನ್ನು ಅವನಿಗಿಂತ ಕೊಂಚ ಮೊದಲೇ ತಿಳಿಯಬೇಕು. ಆದ್ದರಿಂದಲೇ ಗೋಲ್‌ಕೀಪರನ ಬೆಳೆ ತಡವಾಗಿ ಕೈಗೆ ಬರುತ್ತದೆ. ಓಟಗಾರನು ಇಪ್ಪತ್ತರಲ್ಲಿ ಮಿಂಚಬಹುದು. ಗೋಲು ಕಾಯುವವನಿಗೆ ಸಾವಿರಾರು ಭುಜಗಳನ್ನು ಓದಿ ಮುಗಿಸಲು ಮೂವತ್ತಾದರೂ ಆಗಬೇಕು.

ಹಿಮದ ಮೇಲೆ ಆಡುವ ಐಸ್ ಹಾಕಿಯಲ್ಲಿಯೂ ಇದೇ ಪಾಡು. ಅಲ್ಲಿ ಗೋಲು ಚಿಕ್ಕದು, 1.83 ಮೀಟರಿಗೆ 1.22 ಮೀಟರ್ ಅಷ್ಟೆ. ಆದರೆ ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ ಮಂಜುಗಡ್ಡೆಯ ಮೇಲೆ ಜಾರುತ್ತ ಇನ್ನೂ ವೇಗವಾಗಿ ಬರುತ್ತದೆ. ಅದರ ತೂಕವೂ ಸರಿಸುಮಾರು ನಮ್ಮ ಚೆಂಡಿನಷ್ಟೇ ಎಂಬುದು ಸ್ವಾರಸ್ಯ. ಆ ಆಟದಲ್ಲಿ ದೊಡ್ಡ ದೊಡ್ಡ ಗೋಲಿಗಳು ಬಹುಕಾಲ ಬರಿಮುಖದಲ್ಲಿಯೇ ನಿಲ್ಲುತ್ತಿದ್ದರು. ಮಾಂಟ್ರಿಯಲ್ ತಂಡದ ಜಾಕ್ ಪ್ಲಾಂಟ್ ಎಂಬಾತನಿಗೆ 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಪಕ್ ಬಡಿದು ಮುಖ ಸೀಳಿತು. ಒಳಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದವನು, ಮುಖವಾಡ ಹಾಕಿಕೊಳ್ಳಲು ಬಿಟ್ಟರೆ ಮಾತ್ರ ಆಡುವೆನೆಂದು ಹಠ ಹಿಡಿದನಂತೆ. ತರಬೇತುದಾರನಿಗೆ ಅದು ಇಷ್ಟವಿರಲಿಲ್ಲ. ಆದರೂ ಬೇರೆ ಗೋಲಿ ಇಲ್ಲದ್ದರಿಂದ ಒಪ್ಪಬೇಕಾಯಿತು. ಅಲ್ಲಿಂದ ಮುಂದೆ ಮುಖವಾಡ ರೂಢಿಗೆ ಬಂದಿತು.

ನಮ್ಮ ದೇಶದಲ್ಲಿ ಇದಕ್ಕೂ ಹದಿಮೂರು ವರ್ಷ ಈಚೆಗೆ, 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದ ಗೋಲಿ ಮ್ಯಾನ್ಯುಯೆಲ್ ಫ್ರೆಡರಿಕ್ ತಲೆಗೆ ಏನನ್ನೂ ಹಾಕದೆ ಆಡಿದವರು. ಅಗತ್ಯ ಬಿದ್ದರೆ ಹಣೆಯಿಂದಲೂ ಚೆಂಡು ತಡೆಯುತ್ತಿದ್ದರೆಂದು ಹೇಳುತ್ತಾರೆ. ಅವರು 1947ರಲ್ಲಿ ಕಣ್ಣೂರಿನಲ್ಲಿ ಹುಟ್ಟಿ, ಸೈನ್ಯ ಸೇರಿ, ಕೊನೆಗೆ ಬೆಂಗಳೂರಿನವರೇ ಆಗಿ ಉಳಿದರು. ಒಲಿಂಪಿಕ್ ಪದಕ ಪಡೆದ ಮೊದಲ ಮಲಯಾಳಿ ಅವರೇ. ಎರಡನೆಯವರು ಶ್ರೀಜೇಶ್. ಇಬ್ಬರ ನಡುವೆ ನಲವತ್ತೊಂಬತ್ತು ವರ್ಷಗಳ ಅಂತರ, ಇಬ್ಬರೂ ಗೋಲ್‌ಕೀಪರುಗಳು! ಫ್ರೆಡರಿಕರಿಗೆ ಧ್ಯಾನ್‌ಚಂದ್ ಪ್ರಶಸ್ತಿ ದೊರೆತದ್ದು 2019ರಲ್ಲಿ, ಎಪ್ಪತ್ತು ದಾಟಿದ ಮೇಲೆ. 2025ರ ಅಕ್ಟೋಬರ್ 31ರಂದು ಅವರು ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಈಗ ಶ್ರೀಜೇಶರ ಕಥೆ.

ಎರ್ನಾಕುಲಂ ಜಿಲ್ಲೆಯ ಕಿಳಕ್ಕಂಬಲಂ ಎಂಬ ಹಳ್ಳಿಯಲ್ಲಿ 1988ರ ಮೇ 8ರಂದು ಅವರ ಜನನ. ತಂದೆ ರವೀಂದ್ರನ್, ತಾಯಿ ಉಷಾ, ಬೇಸಾಯದ ಮನೆ. ಹುಡುಗನಿಗೆ ಹಾಕಿಯ ಗಂಧವೂ ಇರಲಿಲ್ಲ. ಶಾಲೆಯಲ್ಲಿ ಮೊದಲು ಓಡಿದ, ಆಮೇಲೆ ಉದ್ದ ಜಿಗಿತಕ್ಕೆ ಹೋದ, ವಾಲಿಬಾಲನ್ನೂ ಆಡಿದ. ಹನ್ನೆರಡನೆಯ ವಯಸ್ಸಿನಲ್ಲಿ, ಎಂದರೆ 2000ದ ಸುಮಾರಿಗೆ, ತಿರುವನಂತಪುರದ ಜಿ. ವಿ. ರಾಜಾ ಕ್ರೀಡಾಶಾಲೆಗೆ ಸೇರಿದ. ಮನೆಯಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರ. ಹನ್ನೆರಡು ವರ್ಷದವನನ್ನು ಅಷ್ಟು ದೂರ ಕಳಿಸಬೇಕಾದರೆ ತಾಯಿಯ ಕರುಳು ಏನಾಗಿರಬೇಕೆಂಬುದನ್ನು ನಮ್ಮ ವಿದ್ಯಾರ್ಥಿನಿಲಯದ ಮಿತ್ರರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಯ ತರಬೇತುದಾರ ಜಯಕುಮಾರ್ ಎಂಬವರು ಹುಡುಗನ ಎತ್ತರ, ಮೈಕಟ್ಟು ನೋಡಿ, ಗೋಲು ಕಾಯಿ ಎಂದರು. ಹುಡುಗ ಒಪ್ಪಿಕೊಂಡ. ಒಪ್ಪಿದ್ದೇಕೆ? ದೊಡ್ಡ ಆಟಗಾರರ ಚರಿತ್ರೆ ಬರೆಯುವವರು ಇಲ್ಲಿ ‘ಆ ಕ್ಷಣದಲ್ಲಿ ವಿಧಿ ಆತನನ್ನು ಕರೆಯಿತು’ ಎಂದೇನಾದರೂ ಬರೆಯುವುದುಂಟು. ಶ್ರೀಜೇಶ್ ಮಾತ್ರ ಈ ವಿಷಯವನ್ನು ನಗುನಗುತ್ತ ಹೇಳಿಕೊಂಡಿದ್ದಾರೆ: ಓಡುವುದಕ್ಕೆ ಸೋಮಾರಿತನ, ಜೊತೆಗೆ ಕೇರಳದಲ್ಲಿ ಕ್ರೀಡಾಪಟುಗಳಿಗೆ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಕೃಪಾಂಕ ಸಿಗುತ್ತಿತ್ತು, ಹಾಕಿಯಲ್ಲಾದರೆ ತಂಡದಲ್ಲಿ ಜಾಗ ಬೇಗ ದೊರೆಯುವ ಹಾಗಿತ್ತು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಈ ಮಾತಿನಿಂದ. ನಾವೂ ಎಷ್ಟೋ ಜನ ಬಿ.ಎ.ಗೆ ಬಂದದ್ದು ಜ್ಞಾನದ ಹಸಿವಿನಿಂದಲ್ಲ. ಡಿಗ್ರಿ ಇದ್ದರೆ ಅರ್ಜಿಯನ್ನಾದರೂ ಹಾಕಬಹುದೆಂಬ ಲೆಕ್ಕದಿಂದ ಬಂದೆವು. ಬಂದ ಮೇಲೆ ಕೆಲವರಿಗೆ ಚರಿತ್ರೆಯೋ ಸಾಹಿತ್ಯವೋ ನಿಜವಾಗಿಯೂ ಹಿಡಿಸಿತು. ಆ ಹುಡುಗನಿಗೆ ಗೋಲು ಹಿಡಿಸಿತು.

ಹಿಡಿಸಿದ್ದೇನೋ ಸರಿ, ಆದರೆ ಆ ಜಾಗದಲ್ಲಿ ಬರಿಗೈಯಲ್ಲಿ ನಿಲ್ಲುವಂತಿಲ್ಲ. ಬೇರೆ ಆಟಗಾರನಿಗೆ ಒಂದು ಕೋಲು, ಒಂದು ಜೊತೆ ಬೂಟು ಸಾಕು. ಗೋಲಿಗೆ ಬೇಕಾದುದನ್ನು ನೋಡಿ: ಎರಡು ಕಾಲಿಗೂ ತೊಡೆಯ ಕೆಳಗಿನವರೆಗೆ ಬರುವ ದಪ್ಪ ಪ್ಯಾಡುಗಳು, ಪಾದದ ಮೇಲೆ ಕಟ್ಟಿಕೊಳ್ಳುವ ಕಿಕ್ಕರುಗಳು, ಎರಡು ಕೈಗೆ ಎರಡು ಬಗೆಯ ಗವಸು, ಎದೆಗವಚ, ಕುತ್ತಿಗೆಯ ಪಟ್ಟಿ, ಜಾಲರಿಯುಳ್ಳ ಹೆಲ್ಮೆಟ್ಟು. ಒಳ್ಳೆಯದನ್ನು ಕೊಳ್ಳಬೇಕಾದರೆ ಈಗಲೂ ಹತ್ತಾರು ಸಾವಿರ ರೂಪಾಯಿ ಬೇಕು. ಹಳೆಯ ಪ್ಯಾಡು ಹತ್ತಿ ತುಂಬಿದ ಹಾಸಿಗೆಯಂತೆ ಭಾರ. ಚೆಂಡು ಬಡಿದಲ್ಲೇ ಬಿದ್ದುಬಿಡುತ್ತದೆ. ಬಿದ್ದ ಚೆಂಡನ್ನು ಎದುರಾಳಿ ಮತ್ತೆ ಹೊಡೆಯುತ್ತಾನೆ. ಹೊಸ ಬಗೆಯ ಫೋಮಿನ ಪ್ಯಾಡು ಹಗುರ. ಚೆಂಡನ್ನು ದೂರಕ್ಕೆ ಚಿಮ್ಮಿಸುತ್ತದೆ. ಆದ್ದರಿಂದ ಬಡ ಗೋಲಿಗೂ ಅನುಕೂಲಸ್ಥ ಗೋಲಿಗೂ ಇರುವ ಅಂತರ ಬರಿಯ ಅಂದಚಂದದ್ದಲ್ಲ. ಒಂದೇ ಚೆಂಡನ್ನು ಒಬ್ಬ ಒಂದು ಸಲ ತಡೆದರೆ ಸಾಕು, ಇನ್ನೊಬ್ಬ ಎರಡು ಸಲ ತಡೆಯಬೇಕು.

ರವೀಂದ್ರನ್ ಮಗನಿಗೆ ಈ ಸಾಮಾನು ಕೊಡಿಸಲು ಮನೆಯ ಹಸುವನ್ನು ಮಾರಿದರು.

ಟೋಕಿಯೋ ಪದಕದ ಬಳಿಕ ಈ ಸಂಗತಿ ಪತ್ರಿಕೆಗಳಲ್ಲೆಲ್ಲ ಬಂದಿತು. ಓದಿದವರು ‘ಎಂಥ ತ್ಯಾಗ!’ ಎಂದರು. ನಾನು ಓದಿ ಅವ್ವನಿಗೆ ಹೇಳಿದೆ. ಅವಳು ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿ, ‘ಹಾಲ್ ಕರೆಯೋ ಹಸನೇ ಮಾರ್ಬುಟ್ರಾ?’ ಎಂದಳು. ತ್ಯಾಗವೆಂಬ ಮಾತು ಅವಳ ಬಾಯಿಂದ ಬರಲಿಲ್ಲ. ಅವಳಿಗೆ ಕಂಡದ್ದು ಮುಂದಿನ ತಿಂಗಳ ಬಟವಾಡೆ.

ಪಟ್ಟಣದಲ್ಲಿ ಬೆಳೆದ ಮಿತ್ರರಿಗಾಗಿ ಈ ಬಟವಾಡೆಯ ವಿಷಯವನ್ನು ಕೊಂಚ ಹೇಳಬೇಕು. ನಮ್ಮ ಕಡೆ ಕಬ್ಬು, ಭತ್ತದ ಹಣ ವರ್ಷಕ್ಕೊಂದು ಸಲ, ಎರಡು ಸಲ ಬರುವಂಥದು. ಅದು ಬರುವ ಮೊದಲೇ ಹೋಗುವ ದಾರಿ ಗೊತ್ತಾಗಿರುತ್ತದೆ. ಡೇರಿಗೆ ಹಾಕಿದ ಹಾಲಿನ ಹಣವೊಂದೇ ತಪ್ಪದೆ ಕೈಗೆ ಬರುವುದು. ಅಂಗಡಿಯ ಸಾಲ, ಔಷಧಿ, ಬಸ್ ಪಾಸು, ಪರೀಕ್ಷಾ ಶುಲ್ಕ ಎಲ್ಲವೂ ಅದರಿಂದಲೇ ನಡೆಯಬೇಕು. ನನ್ನ ಮೂರು ವರ್ಷದ ಕಾಲೇಜಿನ ಖರ್ಚನ್ನು ಯಾರು ಕೊಟ್ಟರೆಂದು ಕೇಳಿದರೆ, ಅಪ್ಪನ ಹೆಸರಿನ ಜೊತೆಗೆ ನಮ್ಮ ಮನೆಯ ಕೆಂದ ಹಸುವಿನ ಹೆಸರನ್ನೂ ಹೇಳಬೇಕಾಗುತ್ತದೆ. ಹಸು ಮಾರುವುದೆಂದರೆ ಒಂದು ವಸ್ತು ಮಾರಿದ ಹಾಗಲ್ಲ. ಬರುವ ತಿಂಗಳುಗಳನ್ನೇ ಮಾರಿದ ಹಾಗೆ. ಇಷ್ಟಾಗಿ ಆ ಮನುಷ್ಯ ಕೊಂಡದ್ದಾದರೂ ಏನು? ಮಗ ಗೆಲ್ಲುತ್ತಾನೆಂಬ ಖಾತ್ರಿಯೆ? ಅಲ್ಲ. ಮಗ ಚೆಂಡಿಗೆ ಎದುರಾಗಿ ನಿಂತಾಗ ಮೂಳೆ ಮುರಿಯದಿರಲೆಂದು ಕೊಂಡದ್ದು.

ನನ್ನ ಮಾತನ್ನೂ ಹೇಳಿಬಿಡುತ್ತೇನೆ. ಹತ್ತನೆಯ ತರಗತಿಯಲ್ಲಿ ದಸರಾ ಕ್ರೀಡಾಕೂಟಕ್ಕೆಂದು ನಮ್ಮ ಶಾಲೆಯ ಪಿ.ಟಿ. ಮೇಷ್ಟರು ಒಂದು ಹಾಕಿ ತಂಡ ಕಟ್ಟಿದ್ದರು. ಗೋಲಿನಲ್ಲಿ ನಾನು. ಗೋಲಿಯ ಪ್ಯಾಡು ಶಾಲೆಯಲ್ಲಿ ಇರಲಿಲ್ಲವಾಗಿ ಕ್ರಿಕೆಟ್ಟಿನ ಪ್ಯಾಡನ್ನೇ ಕಟ್ಟಿಕೊಂಡೆ. ಅದರಲ್ಲಿ ಪಾದಕ್ಕೆ ರಕ್ಷೆಯಿಲ್ಲ. ಎರಡನೆಯ ಆಟದಲ್ಲಿ ಚೆಂಡು ಎಡಗಾಲಿನ ಹೆಬ್ಬೆರಳಿಗೆ ಬಡಿದು ಉಗುರು ಕಿತ್ತುಬಂದಿತು. ಆ ರಾತ್ರಿ ಅಪ್ಪ ಗಾಯಕ್ಕೆ ಅರಿಸಿನ ಹಚ್ಚುತ್ತ, ‘ಅದರ ಸಾಮಾನಿಗೆ ಎಷ್ಟಾದೀತು?’ ಎಂದು ಕೇಳಿದರು. ನಾನು ತಿಳಿದಿದ್ದಷ್ಟು ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ಒಂದು ಸಲ ಕೊಟ್ಟಿಗೆಯ ಕಡೆ ನೋಡಿದರು. ನಾನು ಮಾರನೆಯ ದಿನವೇ ಮೇಷ್ಟರ ಬಳಿಗೆ ಹೋಗಿ, ಪರೀಕ್ಷೆಗೆ ಓದಬೇಕು ಸಾರ್ ಎಂದು ತಂಡ ಬಿಟ್ಟೆ. ನಾನು ಮಾಡಿದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ; ನಾನೇನೂ ಶ್ರೀಜೇಶ್ ಆಗುತ್ತಿರಲಿಲ್ಲ. ಆದರೆ ಆ ನೋಟ ನೆನಪಿನಲ್ಲಿ ಇದ್ದದ್ದರಿಂದಲೇ, ಕಿಳಕ್ಕಂಬಲಂನ ಕೊಟ್ಟಿಗೆಯ ಸುದ್ದಿ ಓದಿದಾಗ ನಾನು ಪತ್ರಿಕೆಯನ್ನು ಮಡಿಸಿ ಇಟ್ಟುಕೊಂಡೆ.

ಸಾಮಾನು ಬಂದ ಮೇಲೆ ಹುಡುಗ ಬೆಳೆದ. 2004ರಲ್ಲಿ, ಹದಿನಾರನೆಯ ವಯಸ್ಸಿಗೆ, ಭಾರತದ ಕಿರಿಯರ ತಂಡದೊಡನೆ ಆಸ್ಟ್ರೇಲಿಯಾದ ಪರ್ತ್ ನಗರಕ್ಕೆ ಹೋದ. ಶಿಬಿರಗಳಲ್ಲಿ ಪಂಜಾಬಿನ, ಉತ್ತರದೇಶದ ಹುಡುಗರೇ ಹೆಚ್ಚು, ಮಾತೆಲ್ಲ ಹಿಂದಿಯಲ್ಲಿ. ಈತನಿಗೆ ಬರುತ್ತಿದ್ದದ್ದು ಮಲಯಾಳ. ಗೋಲ್‌ಕೀಪರನಿಗೆ ಇದು ಸಣ್ಣ ತೊಡಕಲ್ಲ. ಬಯಲಿನಲ್ಲಿ ಇಡೀ ಆಟ ಕಣ್ಣಿಗೆ ಬೀಳುವುದು ಅವನೊಬ್ಬನಿಗೇ. ‘ಎಡಕ್ಕೆ ಬಾ, ಅವನನ್ನು ಹಿಡಿ, ಹಿಂದೆ ಒಬ್ಬನಿದ್ದಾನೆ’ ಎಂದು ರಕ್ಷಕರಿಗೆ ಕೂಗಿ ಹೇಳುತ್ತಲೇ ಇರಬೇಕು. ಕೂಗಲಾರದ ಗೋಲಿ ಅರ್ಧ ಗೋಲಿ. ಶ್ರೀಜೇಶ್ ಹಿಂದಿ ಕಲಿತರು, ಇಂಗ್ಲಿಷ್ ಕಲಿತರು. ಮುಂದೆ ಭಾರತದ ಆಟ ನೋಡುವವರಿಗೆಲ್ಲ ಗೋಲಿನ ಕಡೆಯಿಂದ ಬರುವ ಅವರ ದೊಡ್ಡ ದನಿ ಪರಿಚಿತವಾಯಿತು.

2006ರಲ್ಲಿ ಕೊಲಂಬೋದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಹಿರಿಯರ ತಂಡಕ್ಕೆ ಮೊದಲ ಸಲ ಆಡಿದರು. ಆಗ ಹದಿನೆಂಟು ವರ್ಷ. ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಾಗಿತ್ತು. ಆದರೆ ಇಲ್ಲಿಂದ ಕಾಯುವ ಕಾಲ ಮೊದಲಾಯಿತು. ಒಂದು ತಂಡದಲ್ಲಿ ಮುಂದಾಳುಗಳು ನಾಲ್ಕೈದು ಮಂದಿ ಇರಬಹುದು. ಗೋಲು ಕಾಯುವವನು ಒಬ್ಬನೇ. ಅವನಿಗಿಂತ ಹಿರಿಯ ಒಬ್ಬನಿದ್ದಾನೆಂದರೆ ಕಿರಿಯನು ಬೆಂಚಿನಲ್ಲಿ ಕುಳಿತಿರಬೇಕು. ಶ್ರೀಜೇಶರ ಮುಂದೆ ಇದ್ದವರು ಇಬ್ಬರು: ಏಡ್ರಿಯನ್ ಡಿಸೋಜ ಮತ್ತು ಭರತ್ ಚೆಟ್ರಿ. ತಂಡಕ್ಕೆ ಒಮ್ಮೆ ಕರೆ ಬರುವುದು, ಒಮ್ಮೆ ಬಾರದಿರುವುದು, ಹೀಗೆ ಹೆಚ್ಚು ಕಡಿಮೆ ಆರು ವರ್ಷಗಳು ನಡೆದವು. ಮೂರು ವರ್ಷದ ಡಿಗ್ರಿಯೇ ನಮಗೆ ಉದ್ದವೆನಿಸುತ್ತದೆ. ಅದರ ಎರಡರಷ್ಟು ಕಾಲ ಒಬ್ಬ ಯುವಕ ಪ್ಯಾಡು ಕಟ್ಟಿಕೊಂಡು ಆಟದಂಚಿನಲ್ಲಿ ಕುಳಿತ ಚಿತ್ರವನ್ನು ವಾಚಕರು ಊಹಿಸಿಕೊಳ್ಳಬೇಕು.

ಅದು ಭಾರತದ ಹಾಕಿಗೂ ಕೆಟ್ಟ ಕಾಲ. 2008ರ ಮಾರ್ಚಿಯಲ್ಲಿ ಚಿಲಿ ದೇಶದ ಸಾಂಟಿಯಾಗೋದಲ್ಲಿ ಬ್ರಿಟನ್ನಿಗೆ ಸೋತು, 1928ರಿಂದ ಎಡೆಬಿಡದೆ ಒಲಿಂಪಿಕ್ಸ್ ಆಡುತ್ತಿದ್ದ ದೇಶ ಬೀಜಿಂಗಿಗೆ ಹೋಗಲಾರದೆ ಉಳಿಯಿತು. ಅದೇ ವರ್ಷ ಹೈದರಾಬಾದಿನಲ್ಲಿ ಕಿರಿಯರ ಏಷ್ಯಾ ಕಪ್ಪನ್ನು ಭಾರತ ಗೆದ್ದಿತು; ಕೂಟದ ಅತ್ಯುತ್ತಮ ಗೋಲ್‌ಕೀಪರ್ ಎನಿಸಿಕೊಂಡವರು ಶ್ರೀಜೇಶ್. ಹಿರಿಯರ ಮನೆ ಕುಸಿಯುತ್ತಿದ್ದ ವರ್ಷವೇ ಕಿರಿಯರ ಮನೆಯಲ್ಲಿ ದೀಪ ಹತ್ತಿತ್ತು. ಆದರೂ ಬೆಂಚು ತಪ್ಪಲಿಲ್ಲ.

ಇಲ್ಲಿ ನಮ್ಮ ರಾಜ್ಯದ ಇಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಕೊಡಗಿನ ಎ. ಬಿ. ಸುಬ್ಬಯ್ಯನವರು 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಭಾರತದ ಗೋಲ್‌ಕೀಪರಾಗಿದ್ದವರು. ಕೊಡಗಿನಲ್ಲಿ ಹಾಕಿಯೆಂದರೆ ಮನೆಮನೆಯ ಮಾತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡವಾಗಿ ಇಳಿಯುತ್ತದೆ. ಅಂಥ ನೆಲದಲ್ಲಿ ಗೋಲಿ ಹುಟ್ಟುವುದು ಆಶ್ಚರ್ಯವಲ್ಲ. ಇನ್ನೊಬ್ಬರು ಬೆಂಗಳೂರನ್ನೇ ಮನೆ ಮಾಡಿಕೊಂಡ ಆಶಿಶ್ ಬಲ್ಲಾಳ್. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಅಂತಿಮ ಆಟದಲ್ಲಿ ದಕ್ಷಿಣ ಕೊರಿಯಾದೊಡನೆ ಸಮವಾದಾಗ, ಸ್ಟ್ರೋಕುಗಳಲ್ಲಿ ಎರಡನ್ನು ಬಲ್ಲಾಳ್ ತಡೆದರು. 1966ರ ಅನಂತರ ಭಾರತಕ್ಕೆ ಆ ಚಿನ್ನ ದೊರೆತದ್ದು ಆ ದಿನವೇ. ಗೆದ್ದು ಬಂದ ತಂಡದ ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್ ಮೊದಲಾಗಿ ಹಲವರನ್ನು ಸ್ವಲ್ಪ ದಿನಗಳಲ್ಲಿಯೇ ತಂಡದಿಂದ ಕೈಬಿಡಲಾಯಿತು! ಗೋಲಿಯ ಜಾಗ ಗಟ್ಟಿಯೆಂದು ನಂಬುವವರು ಈ ಸಂಗತಿಯನ್ನು ಓದಿಕೊಳ್ಳಬೇಕು.

ಶ್ರೀಜೇಶರ ಬಾಗಿಲು ತೆರೆದದ್ದು 2011ರ ಸೆಪ್ಟೆಂಬರಿನಲ್ಲಿ, ಚೀನಾದ ಓರ್ಡೋಸ್ ಎಂಬ ನಗರದಲ್ಲಿ. ಏಷ್ಯನ್ ಚಾಂಪಿಯನ್ಸ್ ಟ್ರೋಫಿಯ ಮೊದಲ ಕೂಟ ಅದು. ಅಂತಿಮ ಆಟ ಪಾಕಿಸ್ತಾನದೊಡನೆ. ಕಾಲಾವಧಿ ಮುಗಿದರೂ ಎರಡು ಕಡೆಯೂ ಗೋಲಿಲ್ಲ. ಸ್ಟ್ರೋಕುಗಳ ಸರದಿ ಬಂದಿತು. ಮೇಲೆ ಹೇಳಿದ 6.40 ಮೀಟರನ್ನು ಈಗ ನೆನಪಿಗೆ ತಂದುಕೊಳ್ಳಿ. ಹೊಡೆಯುವವನಿಗೆ ಎಲ್ಲ ಅನುಕೂಲವೂ ಇದೆ; ಆದ್ದರಿಂದಲೇ ಎಲ್ಲ ಭಯವೂ ಅವನದೇ. ಹೊಡೆದರೆ ಅದರಲ್ಲೇನು ಎನ್ನುತ್ತಾರೆ, ತಪ್ಪಿದರೆ ಊರಿಗೆ ಹೋಗುವ ಹಾಗಿಲ್ಲ. ತಡೆಯುವವನನ್ನು ಯಾರೂ ನೆಚ್ಚಿರುವುದಿಲ್ಲ. ಆರು ವರ್ಷ ಬೆಂಚಿನಿಂದ ಭುಜಗಳನ್ನೇ ಓದುತ್ತ ಕುಳಿತಿದ್ದವರು ಎರಡನ್ನು ತಡೆದರು. ಭಾರತ 4–2ರಿಂದ ಗೆದ್ದಿತು. ಅಲ್ಲಿಂದ ಮುಂದೆ ಶ್ರೀಜೇಶ್ ತಂಡದ ಕಾಯಂ ಗೋಲಿಯಾದರು. ಅವರ ವೃತ್ತಿಯ ಮೊದಲ ಅಧ್ಯಾಯ ಇಲ್ಲಿಗೆ ಮುಗಿಯಿತೆಂದು ನಾನು ಎಣಿಸಿದ್ದೇನೆ.

ಆಮೇಲಿನದು ಎಲ್ಲರಿಗೂ ತಿಳಿದದ್ದೇ, ಬೇಗ ಹೇಳಿಬಿಡುತ್ತೇನೆ. ಮರುವರ್ಷ ಲಂಡನ್ನಿನಲ್ಲಿ ಭಾರತ ಎಲ್ಲ ಆಟಗಳನ್ನೂ ಸೋತು ಹನ್ನೆರಡನೆಯ, ಎಂದರೆ ಕಟ್ಟಕಡೆಯ ಸ್ಥಾನಕ್ಕೆ ಬಿದ್ದಿತು. 2014ರಲ್ಲಿ ಇಂಚೆಯಾನಿನಲ್ಲಿ ಮತ್ತೆ ಪಾಕಿಸ್ತಾನ, ಮತ್ತೆ ಸಮ, ಮತ್ತೆ ಶ್ರೀಜೇಶರ ಎರಡು ತಡೆ. ಬಲ್ಲಾಳರ ಬಳಿಕ ಹದಿನಾರು ವರ್ಷಕ್ಕೆ ಏಷ್ಯನ್ ಚಿನ್ನ. 2016ರ ರಿಯೋಗೆ ಅವರೇ ನಾಯಕ. 2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ ಜರ್ಮನಿಯ ಮೇಲೆ 5–4; ಕೊನೆಯ ಆರು ಸೆಕೆಂಡಿನಲ್ಲಿ ಬಂದ ಪೆನಾಲ್ಟಿ ಕಾರ್ನರನ್ನು ತಡೆದು, ಆಟ ಮುಗಿದ ಮೇಲೆ ಗೋಲಿನ ಮೇಲೇರಿ ಕುಳಿತರು. 2024ರ ಪ್ಯಾರಿಸ್ಸಿನಲ್ಲಿ ಸ್ಪೇನಿನ ಮೇಲೆ 2–1ರಿಂದ ಮತ್ತೊಂದು ಕಂಚು ಗೆದ್ದು ಪ್ಯಾಡು ಬಿಚ್ಚಿದರು. ಟೋಕಿಯೋದಿಂದ ಊರಿಗೆ ಬಂದಾಗ ಪದಕವನ್ನು ಮೊದಲು ಹಾಕಿದ್ದು ತಂದೆಯ ಕೊರಳಿಗೆ.

ಓದುವವರಿಗೆ ಆಟವೇಕೆ, ಆಡುವವರಿಗೆ ಓದೇಕೆ ಎನ್ನುವವರು ನಮ್ಮಲ್ಲಿ ಎರಡು ಪಕ್ಷದವರೂ ಇದ್ದಾರೆ. ಅವರಿಗಾಗಿ ಮಂಜಿನ ಹಾಕಿಯ ಇನ್ನೊಬ್ಬ ಗೋಲಿಯ ಮಾತನ್ನು ಸೇರಿಸುತ್ತೇನೆ. ಕೆನಡಾದ ಕೆನ್ ಡ್ರೈಡನ್ 1969ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ನಮ್ಮ ಹಾಗೆ ಚರಿತ್ರೆ ಓದಿ ಬಿ.ಎ. ಮುಗಿಸಿ, ಮಾಂಟ್ರಿಯಲ್ಲಿನಲ್ಲಿ ಕಾನೂನು ಓದುತ್ತಿದ್ದ. 1971ರ ಮಾರ್ಚಿಯಲ್ಲಿ ಅಲ್ಲಿಯ ತಂಡ ಆತನನ್ನು ಕರೆಯಿತು. ಲೀಗಿನಲ್ಲಿ ಆಡಿದ್ದು ಬರಿಯ ಆರು ಆಟ. ಅಷ್ಟಕ್ಕೇ ಸ್ಟ್ಯಾನ್ಲಿ ಕಪ್ಪಿನ ಪಂದ್ಯಗಳಲ್ಲಿ ಗೋಲಿಗೆ ನಿಲ್ಲಿಸಿದರು. ಆ ವರ್ಷದ ಬಲಾಢ್ಯ ಬಾಸ್ಟನ್ ತಂಡವನ್ನು ತಡೆದು ಕಪ್ಪನ್ನು ಗೆಲ್ಲಿಸಿದ. ಎರಡು ವರ್ಷ ಕಳೆದು, ಕೀರ್ತಿಯ ತುದಿಯಲ್ಲಿದ್ದಾಗ, ವಕೀಲಿಕೆಯ ತರಬೇತಿಗೆಂದು ಒಂದು ಇಡೀ ಋತು ಆಟವನ್ನೇ ಬಿಟ್ಟು ಕುಳಿತ. ಅವನಿಗೆ ಆರು ವಾರದಲ್ಲಿ ಆದದ್ದು ಶ್ರೀಜೇಶರಿಗೆ ಆರು ವರ್ಷದಲ್ಲಿ ಆಯಿತು. ಇಬ್ಬರಲ್ಲಿ ಯಾರು ದೊಡ್ಡವರೆಂದು ಅಳೆಯುವ ಗೋಜಿಗೆ ನಾನು ಹೋಗುವುದಿಲ್ಲ. ಆದರೆ ಒಬ್ಬನ ಮನೆಯಲ್ಲಿ ಮಾರಲು ಹಸುವಿನ ಅಗತ್ಯ ಬೀಳಲಿಲ್ಲವೆಂಬುದು ಲೆಕ್ಕಕ್ಕೆ ಬರಬೇಕು. ಮಂಜಿನ ಹಾಕಿ ನಮ್ಮ ದೇಶದಲ್ಲಿಯೂ ಉಂಟೆಂದು ತಿಳಿಯದವರಿಗೆ ಒಂದು ಮಾತು: ಲಡಾಖಿನ ಹೆಣ್ಣುಮಕ್ಕಳೇ ಹೆಚ್ಚಾಗಿದ್ದ ಭಾರತ ತಂಡ 2025ರಲ್ಲಿ ಮಹಿಳೆಯರ ಏಷ್ಯಾ ಕಪ್ಪಿನಲ್ಲಿ ಕಂಚು ಗೆದ್ದಿದೆ.

ಈ ಲೇಖನ ಬರೆಯುತ್ತಿದ್ದಾಗ, ನಮ್ಮ ಕಾಲೇಜಿನಲ್ಲಿ ಗೋಲಿಯ ಸಾಮಾನು ಇದೆಯೇ ಎಂದು ನೋಡುವ ಆಸೆಯಾಯಿತು. ದೈಹಿಕ ಶಿಕ್ಷಣದ ನಿರ್ದೇಶಕರು ಬೇಸರಿಸದೆ ಬೀರು ತೆಗೆದು ತೋರಿಸಿದರು. ಟೆನ್ನಿಕಾಯ್ಟಿನ ಬಳೆಗಳು, ಗಾಳಿ ಹೋದ ವಾಲಿಬಾಲುಗಳ ಅಡಿಯಲ್ಲಿ ಒಂದು ಜೊತೆ ಗೋಲಿ ಪ್ಯಾಡು ಸಿಕ್ಕಿತು. ಒಂದರ ಪಟ್ಟಿಗಳು ಎರಡೂ ಹರಿದಿದ್ದವು. ಕಿಕ್ಕರ್ ಒಂದೇ ಇತ್ತು. ಕ್ರೀಡಾಶುಲ್ಕವೆಂದು ನಾವೆಲ್ಲರೂ ವರ್ಷವೂ ಕಟ್ಟುತ್ತೇವಲ್ಲ, ಬರುವ ವರ್ಷ ಅದರಿಂದ ಇನ್ನೊಂದು ಕಿಕ್ಕರನ್ನಾದರೂ ತರಿಸಬಹುದೇ ಎಂದು ಕೇಳಿದೆ. ಅವರು ಅರ್ಜಿ ಬರೆದುಕೊಡು ಎಂದರು. ಬರೆದುಕೊಟ್ಟಿದ್ದೇನೆ, ಅದರ ಕೆಳಗೆ ಹದಿನಾಲ್ಕು ಮಂದಿಯ ಸಹಿಯಿದೆ.

ಪ್ಯಾಡನ್ನು ಅವರ ಅನುಮತಿ ಪಡೆದು ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವವರ ಹತ್ತಿರ ಒಯ್ದೆ. ಅವರು ತಿರುಗಿಸಿ ಮುರುಗಿಸಿ ನೋಡಿ, ಇದು ಯಾವ ಪ್ರಾಣಿಯ ಕಾಲಿಗೆ ಎಂದು ಕೇಳಿದರು. ಹೊಸ ಪಟ್ಟಿ ಹಾಕಿ ಗಟ್ಟಿಯಾಗಿ ಹೊಲಿದುಕೊಟ್ಟು ಎಂಬತ್ತು ರೂಪಾಯಿ ತೆಗೆದುಕೊಂಡರು. ಈಗ ಅದನ್ನು ಸಂಜೆಯ ಹೊತ್ತು ಕಟ್ಟಿಕೊಳ್ಳುವವನು ಮೊದಲ ವರ್ಷದ ಒಬ್ಬ ಹುಡುಗ; ಕೆ. ಆರ್. ಪೇಟೆಯ ಕಡೆಯವನು, ನನಗಿಂತಲೂ ಉದ್ದ. ಮೊದಲ ದಿನ ಎಡಗಾಲಿನದನ್ನು ಬಲಗಾಲಿಗೆ ಕಟ್ಟಿಕೊಂಡು ಬಂದಿದ್ದ. ಬಿಚ್ಚಿಸಿ ನಾನೇ ಸರಿಯಾಗಿ ಕಟ್ಟಿದೆ.